ಇಚಲಕರಂಜಿ ಅತ್ತೆಯ ಪಡಸಾಲಿ ವರ್ಬುಗಳು

ಇಂಗ್ಲಿಷ್ ಭಾಷೆ ಜಗತ್ತಿನಲ್ಲಿ ಯಾರಿಗೂ ಹೆದರಿಲ್ಲ ಎನ್ನುತ್ತಾರೆ. ಸುಳ್ಳು! ಅದು ನಮ್ಮ ಇಚಲಕರಂಜಿ ಅತ್ತೆಗೆ ಹೆದರುತ್ತದೆ. ಅತ್ತೆ ಕನ್ನಡಕ ಏರಿಸಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಬಾ, ಇವತ್ತ ನಿನ್ನ ನೋಡ್ಕೋತೀನಿ" ಎಂದು ಮೊಬೈಲಿನ ಮುಂದೆ ಕೂತರೆ ಆ ಭಾಷೆಯ ವ್ಯಾಕರಣವೆಲ್ಲ ಚಪ್ಪಲಿ ಸಹ ಹಾಕಿಕೊಳ್ಳದೆ ಹಿತ್ತಲ ಬಾಗಿಲಿನಿಂದ ಓಡಿಹೋಗುತ್ತದೆ ಎಂಬುದು ನಮ್ಮ ಮನೆಯವರೆಲ್ಲರ ನಂಬಿಕೆ.

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಅರವತ್ತು ದಾಟಿದವರು. ಓದಿದ್ದು ಮರಾಠಿ ಶಾಲೆಯಲ್ಲಿ, ಅದೂ ಏಳನೆಯ ಇಯತ್ತೆಯವರೆಗೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಟೀವಿಯ ಮುಂದೆ ಹಿಂದಿ. ಮದುವೆಯಾಗಿ ಹೋದದ್ದು ಪವರ್‌ಲೂಮ್ ಮನೆಗೆ. ಅಡುಗೆಮನೆಯ ಗೋಡೆಗೆ ಹೊಂದಿಕೊಂಡೇ ಮಗ್ಗಗಳು. ಆ ಖಟಾಖಟ್ ಸದ್ದನ್ನು ಮೀರಿ 'ಊಟಕ್ಕ ಬರ್ರೀ' ಎಂದು ಕೂಗಿ ಕೂಗಿ ಅತ್ತೆಯ ದನಿ ಎಂಥದಾಗಿದೆಯೆಂದರೆ, ಅವರು ನಿಮ್ಮ ಕಿವಿಯಲ್ಲಿ ಗುಟ್ಟು ಹೇಳಿದರೆ ಜಯಸಿಂಗಪುರದವರಿಗೂ ತಿಳಿಯುತ್ತದೆ!

ಇನ್ನು ಅವರ ಹಟ. ಓರಗೆಯವರೆಲ್ಲ ಮೊಣಕಾಲು ನೋವಿನ ಎಣ್ಣೆ ಹುಡುಕುತ್ತಿದ್ದ ವಯಸ್ಸಿನಲ್ಲಿ ಅತ್ತೆ ಸ್ಕೂಟರ್ ಕಲಿತರು. ಮೊದಲು ಹಾಲಿನ ಡೇರಿಯ ಗೇಟಿಗೆ ಗುದ್ದಿದರು. ಆಮೇಲೆ ಕಾಯಿಪಲ್ಯದ ಗಾಡಿಗೆ. ಕಡೆಗೆ, ಎದುರಿಗೆ ನಿಂತು 'ಬ್ರೇಕ್, ಬ್ರೇಕ್' ಎಂದು ಕಲಿಸುತ್ತಿದ್ದ ಮಾವನಿಗೇ. ಮಾವ ಎದ್ದು ಧೋತರ ಕೊಡವಿಕೊಳ್ಳುವಷ್ಟರಲ್ಲಿ ಅತ್ತೆ ತಿರುವು ದಾಟಿ ಹೋಗಿದ್ದರು. "ಆಕಿ ಕಲ್ತಳೋ ಇಲ್ಲೋ ಗೊತ್ತಿಲ್ಲ, ಊರಾನ ಮಂದಿ ದಾರಿ ಬಿಡೂದು ಮಾತ್ರ ಕಲ್ತಾರ" ಎಂದು ಮಾವ ಇಂದಿಗೂ ಹೇಳುತ್ತಾರೆ.

ಇಂಥ ಅತ್ತೆ ಇಂಗ್ಲಿಷ್‌ನ ಬೆನ್ನು ಹತ್ತಿದ್ದು ಮಾವಿನಕಾಯಿಯಿಂದಾಗಿ. ನಿಜವಾಗಿ!

ಅವರ ಮಗಳ ಸಾಖರಪುಡಾ, ಅಂದರೆ ನಿಶ್ಚಿತಾರ್ಥ, ಕೊಲ್ಹಾಪುರದ ಒಂದು ಮದುವೆ ಹಾಲ್‌ನಲ್ಲಿ ನಡೆದಿತ್ತು. ಬೀಗರು ಪುಣೆ ಕಡೆಯವರು, ನಾಜೂಕಿನ ಮಂದಿ. ಬೀಗಿತ್ತಿ ಮತ್ತು ನಮ್ಮ ಅತ್ತೆ ಇಬ್ಬರೂ ಕೂತು ತಟ್ಟೆಗಳಲ್ಲಿ ಹಣ್ಣು, ಸೀರೆ, ಸಕ್ಕರೆ ಹೊಂದಿಸುತ್ತಿದ್ದರು. ಅಷ್ಟರಲ್ಲಿ ಬೀಗಿತ್ತಿಗೆ ಫೋನ್ ಬಂತು. ಅವರು ಎದ್ದು, ಅತ್ತೆಯ ಹೆಗಲ ಮೇಲೆ ಮೆಲ್ಲಗೆ ಕೈಯಿಟ್ಟು, "ಕ್ಯಾರಿ ಆನ್" ಎಂದು ನಕ್ಕು ಹೊರಗೆ ಹೋದರು.

ಮರಾಠಿಯಲ್ಲಿ ಕೈರಿ ಎಂದರೆ ಮಾವಿನಕಾಯಿ. ಆಣ್ ಎಂದರೆ ತಾ. ಕೈರಿ ಆಣ್! ಮಾವಿನಕಾಯಿ ತಾ!

ಅತ್ತೆ ಒಂದು ಕ್ಷಣ ಯೋಚಿಸಿದರು. ಸಾಖರಪುಡಾಕ್ಕೆ ಮಾವಿನಕಾಯಿ ಯಾವ ಶಾಸ್ತ್ರದಲ್ಲಿದೆ? ಇರಲಿ, ಗಂಡಿನ ಕಡೆಯವರು ಕೇಳಿದ್ದಾರೆ. ಇಲ್ಲ ಎನ್ನುವುದು ಹೇಗೆ? ಪೈಠಣಿ ಉಟ್ಟವರು ಹಾಗೇ ಮೆಟ್ಟಿಲಿಳಿದು, ರಿಕ್ಷಾ ಹಿಡಿದು, ಬಿಸಿಲಲ್ಲಿ ಕಾಯಿಪಲ್ಯದ ಮಂಡಿಯೆಲ್ಲ ತಿರುಗಿ ಚೀಲದ ತುಂಬ ಮಾವಿನಕಾಯಿ ತಂದರು. ಅಷ್ಟು ಹೊತ್ತೂ ಹಾಲ್‌ನಲ್ಲಿ 'ಹುಡುಗಿಯ ತಾಯಿ ಎಲ್ಲಿ, ತಾಯಿ ಎಲ್ಲಿ' ಎಂದು ಗದ್ದಲ. ಪುರೋಹಿತರು ಕೈಕಟ್ಟಿ ಕೂತಿದ್ದಾರೆ. ಬೆವರಿಳಿಸುತ್ತ ಬಂದ ಅತ್ತೆ ಚೀಲವನ್ನು ಬೀಗಿತ್ತಿಯ ಕಾಲ ಬಳಿ ಧೊಪ್ಪೆಂದು ಇಳಿಸಿ, "ಘ್ಯಾ!" ಎಂದರು. ತಗೊಳ್ಳಿ!

'ಕ್ಯಾರಿ ಆನ್' ಎಂದರೆ 'ಮುಂದುವರಿಸಿ' ಎಂದಷ್ಟೇ ಎಂದು ಬಿಡಿಸಿ ಹೇಳುವ ಹೊತ್ತಿಗೆ ಹಾಲೆಲ್ಲ ನಕ್ಕು ನೆಲಕ್ಕುರುಳಿತ್ತು. ಬೀಗಿತ್ತಿ ಒಳ್ಳೆಯವರು, ನಗು ತಡೆದುಕೊಂಡರು. ತಡೆದುಕೊಳ್ಳದವರು ನಮ್ಮಪ್ಪ! ಮೂಲೆಯ ಕುರ್ಚಿಯಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದ ತಮ್ಮನನ್ನು ಅತ್ತೆ ನೋಡಿದ ನೋಟಕ್ಕೆ ಚೀಲದಲ್ಲಿದ್ದ ಮಾವಿನಕಾಯಿಗಳು ಹಣ್ಣಾಗಬೇಕಿತ್ತು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಬಾಳಾ, ನನಗ ಸಿಟ್ಟು ಮಾವಿನಕಾಯಿಗೆ ಬಂದಿಲ್ಲ. 'ಆಣ್' ಅಂದ್ಲಲ್ಲ, 'ಆಣಾ' ಅಂತ ಮರ್ಯಾದಿ ಕೊಟ್ಟು ಅನ್ನಾಕ ಏನಾಗಿತ್ತು ಅಂತ ದಾರಿತುಂಬ ಅದನ್ನs ಚಿಂತಿ ಮಾಡೀನಿ. ಪಾಪ, ಆಕಿದೇನೂ ತಪ್ಪಿಲ್ಲ. ಎಲ್ಲಾ ತಪ್ಪು ಈ ಇಂಗ್ಲಿಷ್‌ದು. ಇದನ್ನ ನಾ ಬಿಡಂಗಿಲ್ಲ."

ಬಿಡಲಿಲ್ಲ.

ನಾವು ಜೈನರು. ಹೊತ್ತು ಮುಳುಗುವ ಮೊದಲೇ ಅತ್ತೆಯ ಮನೆಯಲ್ಲಿ ಊಟ ಮುಗಿದು ಪಾತ್ರೆ ಬೋರಲಾಗಿರುತ್ತವೆ. ಹೀಗಾಗಿ ಅವರ ಸಂಜೆ ಬಹಳ ಉದ್ದ. ಆ ಉದ್ದನೆಯ ಸಂಜೆಯನ್ನು ಅದುವರೆಗೆ ಧಾರಾವಾಹಿಯ ಸೊಸೆಯರಿಗೆ ಕೊಟ್ಟಿದ್ದರು. ಈಗ ಮೊಬೈಲಿನಲ್ಲಿ ಬರುವ ಇಂಗ್ಲಿಷ್ ಮಾಸ್ತರನಿಗೆ ಕೊಟ್ಟರು. ಬಿಡಿ ಶಬ್ದಗಳೆಲ್ಲ ಸರಸರ ಬಾಯಿಗೆ ಬಂದವು. ತೊಂದರೆ ಶುರುವಾದದ್ದು ಎರಡು ಶಬ್ದ ಕೈಕೈ ಹಿಡಿದುಕೊಂಡು ಬಂದಾಗ. ಗಿವ್ ಅಪ್, ಗಿವ್ ಇನ್, ಟರ್ನ್ ಡೌನ್, ಪಾಸ್ ಅವೇ! ಇವಕ್ಕೆ ಫ್ರೇಜಲ್ ವರ್ಬ್ ಎನ್ನುತ್ತಾರೆ ಎಂದು ಮಾಸ್ತರ ಹೇಳಿದ. ಅತ್ತೆ ಅದನ್ನು ನಮ್ಮೂರು ಗಡಹಿಂಗ್ಲಜಕ್ಕೆ ಫೋನ್ ಮಾಡಿ ತಮ್ಮನಿಗೆ ಹೇಳಿದರು. ನಮ್ಮಪ್ಪ ಸಕ್ಕರೆ ಕಾರ್ಖಾನೆಯ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಊರಿನ ಅರ್ಧ ಅರ್ಜಿಗಳ ಇಂಗ್ಲಿಷ್ ತಿದ್ದಿದವರು. ಮೇಲಾಗಿ ತಮ್ಮ. ಸುಮ್ಮನಿರುತ್ತಾರೆಯೇ?

"ಏನ ವರ್ಬು? ಪಡಸಾಲಿ ವರ್ಬು?"

"ಫ್ರೇಜಲ್ಲೋ, ಕಿವುಡಾ!"

"ಬರೋಬ್ಬರಿ. ನಿನ್ನ ಇಂಗ್ಲಿಷ್ ಇನ್ನೂ ಪಡಸಾಲ್ಯಾಗ ಕುಂತೈತಿ, ಒಳಗ ಬಂದಿಲ್ಲ."

ಅಂದಿನಿಂದ ನಮ್ಮ ಮನೆತನದಲ್ಲಿ ಅವು ಪಡಸಾಲಿ ವರ್ಬುಗಳೇ ಆದವು. ದಿನಾ ಬೆಳಿಗ್ಗೆ ಇಚಲಕರಂಜಿಯಿಂದ ಫೋನು. ಅಕ್ಕ ತಮ್ಮನ ಜಗಳ. ಅಪ್ಪ ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದುಕೊಳ್ಳುತ್ತಿದ್ದರು, ಆದರೂ ನಮಗೆಲ್ಲ ಸ್ವಚ್ಛ ಕೇಳುತ್ತಿತ್ತು.

"ಗಿವ್ ಅಂದ್ರ ಕೊಡು. ಅಪ್ ಅಂದ್ರ ಮ್ಯಾಲ. ಮ್ಯಾಲ ಕೊಡು ಅಂದ್ರ ಅದ್ಹೆಂಗ 'ಕೈಬಿಡು' ಆಕ್ಕೈತಿ? ಇದೇನ್ ಭಾಷಾ ಐತೋ ಇಲ್ಲಾ ಫಸವಣೂಕ ಐತೋ?"

"ಅಕ್ಕಾ, ನಾವೇನ ಕಡಿಮಿ ಮೋಸ ಮಾಡ್ತೀವಿ? 'ಸತ್ತು ಹ್ವಾದ' ಅಂತೀವಿ. ಸತ್ತಾಂವ ಎದ್ದು ಎಲ್ಲಿಗೆ ಹ್ವಾದ? 'ಮರತು ಬಿಟ್ಟೆ' ಅಂತಿ. ಮರತದ್ದನ್ನ ಎಲ್ಲಿ ಒಯ್ದು ಬಿಟ್ಟಿ? 'ತಿಂದು ಹಾಕ್ದ' ಅಂದ್ರ, ತಿಂದು ಎಲ್ಲಿ ಹಾಕ್ದ?"

"ನಿನ್ನ ತಲೀ ಮ್ಯಾಲ ಹಾಕ್ದ!" ಅಂದು ಅತ್ತೆ ಫೋನ್ ಇಟ್ಟುಬಿಡುತ್ತಿದ್ದರು. ಮರುದಿನ ಅದೇ ಹೊತ್ತಿಗೆ ಮತ್ತೆ ಫೋನ್ ಬರುತ್ತಿತ್ತು. ಬರುವುದು ಸ್ವಲ್ಪ ತಡವಾದರೆ ಅಪ್ಪ ಎರಡು ಸಲ ಗಡಿಯಾರ ನೋಡುತ್ತಿದ್ದರು.

ಈ ಜಗಳಗಳಲ್ಲೆಲ್ಲ ದೊಡ್ಡದು 'ಪುಟ್ ಅಪ್ ವಿತ್' ಎಂಬುದರ ಜಗಳ. ಎರಡಲ್ಲ, ಮೂರು ಶಬ್ದ! ಅತ್ತೆ ಅದನ್ನು ಒಡೆದು ನೋಡಿದರು. ಪುಟ್ ಎಂದರೆ ಇಡು, ಅಪ್ ಎಂದರೆ ಮೇಲೆ, ವಿತ್ ಎಂದರೆ ಜೊತೆಗೆ. ಮಾಸ್ತರ ಅರ್ಥ ಹೇಳುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೋದರೆ ಹೋಗಲಿ, ಇಷ್ಟು ಸರಳವಾದದ್ದಕ್ಕೆ ಮಾಸ್ತರ ಯಾಕೆ ಬೇಕು?

ಆ ವಾರವೇ ನಮ್ಮ ಮನೆಗೆ ಬರಲು ಎಸ್‌ಟಿ ಬಸ್ಸು ಹತ್ತಿದರು. ಕೈಯಲ್ಲಿ ದೊಡ್ಡ ಚೀಲ. ಬಸ್ಸಿನಲ್ಲಿ ಕಾಲೇಜಿಗೆ ಹೋಗುವ ಎತ್ತರದ ಹುಡುಗಿಯೊಬ್ಬಳು ಕಿವಿಗೆ ವೈರು ಸಿಕ್ಕಿಸಿಕೊಂಡು ನಿಂತಿದ್ದಳು. ಅತ್ತೆ ತಲೆಯ ಮೇಲಿನ ಸಾಮಾನಿನ ಜಾಗ ತೋರಿಸಿ, ಬಸ್ಸಿಗೆಲ್ಲ ಕೇಳುವ ಹಾಗೆ, "ಬೇಟಾ, ಪ್ಲೀಜ್ ಪುಟ್ ಅಪ್ ವಿತ್ ಮೈ ಬ್ಯಾಗ್!" ಎಂದರು. ಹುಡುಗಿ ಗಾಬರಿಯಾಗಿ ಚೀಲ ಎತ್ತಿ ಮೇಲಿಟ್ಟಳು. ನೋಡಿ, ಕೆಲಸ ಆಯಿತಲ್ಲ! ಅರ್ಥ ಸರಿ ಇಲ್ಲದಿದ್ದರೆ ಕೆಲಸ ಹೇಗಾಗುತ್ತಿತ್ತು? ಅತ್ತೆ ಗೆದ್ದ ಪೈಲ್ವಾನರ ಹಾಗೆ ಎದೆಯುಬ್ಬಿಸಿ ಕೂತರು. ಕಾಗಲ್ ದಾಟಿದ ಮೇಲೆ ಬಸ್ಸು ಒಂದು ಗುಂಡಿಗೆ ಇಳಿದು ಎದ್ದಿತು. ಚೀಲ ನೇರವಾಗಿ ಕಂಡಕ್ಟರ್ ಮಡಿಲಿಗೆ ಬಿತ್ತು. ಅದರಲ್ಲಿದ್ದದ್ದು ನಮ್ಮ ಮನೆಗೆಂದು ತರುತ್ತಿದ್ದ ಉಪ್ಪಿನಕಾಯಿ ಭರಣಿ!

ಕಂಡಕ್ಟರ್ ಎಣ್ಣೆ ಸುರಿಯುವ ಅಂಗಿ ಹಿಡಿದುಕೊಂಡು ಮರಾಠಿಯಲ್ಲಿ ಕೂಗಾಡಿದ. ಅತ್ತೆ ಅವನಿಗಿಂತ ಜೋರಾಗಿ ಸಮಾಧಾನ ಮಾಡಿದರು. ಮುರಗೂಡ ಬರುವ ಹೊತ್ತಿಗೆ ಅವನು ಸೋತು, ಉಪ್ಪಿನಕಾಯಿ ಚೆನ್ನಾಗಿದೆ ಎಂದು ಒಪ್ಪಿಕೊಂಡಿದ್ದ.

ನಮ್ಮ ಮನೆಯಲ್ಲಿ ಅಪ್ಪ ಎಲ್ಲ ಕೇಳಿಸಿಕೊಂಡು, ನಗು ನುಂಗಿ, 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು ಎಂದು ಹೇಳಿಕೊಟ್ಟರು. ಬೇಸರ ಬಂದರೂ ಬಾಯಿ ಮುಚ್ಚಿಕೊಂಡು ತಾಳಿಕೊಳ್ಳುವುದು. ಅತ್ತೆ ನಂಬಲಿಲ್ಲ. ಇಚಲಕರಂಜಿಗೆ ಫೋನ್ ಹಚ್ಚಿ ಮಾವನಿಗೇ ಅರ್ಥ ವಿವರಿಸಿ, "ಇದು ಖರೇ ಇರಬಹುದೇನ್ರೀ?" ಎಂದು ಕೇಳಿದರು. ಆ ಕಡೆಯಿಂದ ಮಗ್ಗದ ಸದ್ದಿನ ನಡುವೆಯೇ ಮಾವ ಹೇಳಿದರು: "ಇಷ್ಟು ವರ್ಷ ನಾ ಮಾಡಿದ್ದಕ್ಕ ಇಂಗ್ಲಿಷ್‌ನ್ಯಾಗ ಒಂದು ಹೆಸರೂ ಐತಿ ಅಂತ ಇವತ್ತ ಗೊತ್ತಾತ ನೋಡ!"

ಹೀಗೆ ನಡೆದಿತ್ತು. ನಾವು ನಗುತ್ತಿದ್ದೆವು. ಒಂದು ಬೆಳಿಗ್ಗೆ ಫೋನು ಬಂದಾಗ ಅಪ್ಪ ಅದನ್ನು ಎತ್ತಿಕೊಳ್ಳಲಿಲ್ಲ.

ಚಹದ ಬಟ್ಟಲು ಕೈಯಿಂದ ಜಾರಿ ಬಿದ್ದಿತ್ತು. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಏನೋ ಹೇಳಲು ಹೋಗುತ್ತಾರೆ, ಬರೀ ಗೊರಗೊರ ಸದ್ದು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಊರಿನ ಡಾಕ್ಟರು. ಆಂಬುಲೆನ್ಸಿನಲ್ಲಿ ಹಾಕಿಕೊಂಡು ಕೊಲ್ಹಾಪುರಕ್ಕೆ ಓಡಿದೆವು. ನಾವು ಮುಟ್ಟುವ ಮೊದಲೇ ಅತ್ತೆ ಆಸ್ಪತ್ರೆಯ ಬಾಗಿಲಲ್ಲಿ ನಿಂತಿದ್ದರು. ಸುದ್ದಿ ಕೇಳಿದ್ದೇ ಇಚಲಕರಂಜಿಯಿಂದ ಅಷ್ಟು ದೂರ ಸ್ಕೂಟರಿನಲ್ಲಿ ಬಂದಿದ್ದರು! ಹಿಂದಿನ ಸೀಟಿನಿಂದ ಇಳಿದ ಮಾವನ ಮುಖ ನೋಡಿದರೆ ಅವರನ್ನೂ ದಾಖಲು ಮಾಡಿಕೊಳ್ಳುವ ಹಾಗಿತ್ತು.

ಕೆಲವು ದಿನಗಳಾದ ಮೇಲೆ ಡಾಕ್ಟರು ಹೊರಗೆ ಬಂದು ನನ್ನ ಜೊತೆ ಇಂಗ್ಲಿಷಿನಲ್ಲಿ ಮಾತಾಡಿದರು. ಜೀವಕ್ಕೆ ಅಪಾಯವಿಲ್ಲ, ಕೈಕಾಲಿಗೆ ನಿಧಾನವಾಗಿ ಬಲ ಬರುತ್ತದೆ, ಮಾತಿನ ಬಗ್ಗೆ ಮಾತ್ರ ಈಗಲೇ ಏನೂ ಹೇಳಲಾಗದು. "ಬಟ್ ಹಿ ವಿಲ್ ಪುಲ್ ಥ್ರೂ" ಎಂದು ನನ್ನ ಬೆನ್ನು ತಟ್ಟಿ ಹೋದರು. ಅತ್ತೆ ನನ್ನ ತೋಳು ಹಿಡಿದುಕೊಂಡರು.

"ಪುಲ್ ಥ್ರೂ ಅಂದ್ರಲ್ಲ? ಪುಲ್ ಅಂದ್ರ ಎಳಿಯೂದು. ಥ್ರೂ ಅಂದ್ರ ಆರಪಾರ."

"ಅತ್ತಿ, ಗಂಡಾಂತರ ದಾಟಿ ಉಳೀತಾರ ಅಂತ ಅದರ ಅರ್ಥ."

"ಅದು ತಿಳೀತು. ಎಳ್ಯಾವ್ರು ಯಾರು? ಬಿದ್ದಾಂವ ತನ್ನನ್ನ ತಾನs ಎಳಕೊಳ್ಳಾಕ ಆಗತೈತೇನ?"

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿದರು. "ಹಂಗಾರ ನಾನs ಎಳೀತೀನಿ" ಎಂದರು. ಅವರ ದನಿಗೆ ನರ್ಸು ಓಡಿ ಬಂದು, "ಮಾವಶಿ, ಹಳೂ ಬೋಲಾ" ಎಂದಳು. ಮೆಲ್ಲಗೆ ಮಾತಾಡಬೇಕಂತೆ. ಯಾರಿಗೆ ಹೇಳುತ್ತಿದ್ದಾಳೆ ಪಾಪ!

ಅಪ್ಪನನ್ನು ಮನೆಗೆ ಕರೆತಂದ ದಿನವೇ ಅತ್ತೆ ಬಟ್ಟೆಯ ಗಂಟಿನೊಡನೆ ಗಡಹಿಂಗ್ಲಜಕ್ಕೆ ಬಂದುಬಿಟ್ಟರು. ಮನೆ, ಮಗ್ಗ, ಮಾವ ಎಲ್ಲ ಅಲ್ಲೇ. "ಊಟಕ್ಕ ಹೆಂಗ ಮಾಡ್ತೀರಿ?" ಎಂದು ನಾನು ಮಾವನನ್ನು ಕೇಳಿದರೆ, "ನಂದೇನೂ ಚಿಂತಿ ಮಾಡಬ್ಯಾಡ. ಮನ್ಯಾಗ ಭಾಳ ಶಾಂತ ಐತಿ, ಬರೀ ಮಗ್ಗದ ಸಪ್ಪಳ ಅಷ್ಟs" ಎಂದರು. ಆದರೆ ಪ್ರತಿ ಭಾನುವಾರ ಬಸ್ಸು ಹಿಡಿದು ಬರುತ್ತಿದ್ದರು. ಶಾಂತಿ ಅವರಿಗೆ ಒಗ್ಗಿರಲಿಲ್ಲ.

ಮಾತು ಕಲಿಸುವ ಹುಡುಗಿಯೊಬ್ಬಳು ವಾರಕ್ಕೊಮ್ಮೆ ಬರುತ್ತಿದ್ದಳು. ಚಿತ್ರಗಳನ್ನು ತೋರಿಸುವಳು. ಆಕಳು. ಬಾಳೆಹಣ್ಣು. ಲೋಟ. "ಕಾಕಾ, ಇದೇನು ಹೇಳಿ?" ಅಪ್ಪ ಒಂದೆರಡು ಸಲ ತುಟಿ ಅಲುಗಿಸಿದರು. ಬೇರೆಯೇ ಏನೋ ಸದ್ದು ಬಂತು. ಅದು ತಪ್ಪು ಎಂದು ಅವರಿಗೇ ಗೊತ್ತಾಯಿತು. ಊರಿನವರ ತಪ್ಪು ತಿದ್ದಿದ ಮನುಷ್ಯ! ಆಮೇಲೆ ಆಕೆ ಚಿತ್ರ ತೆಗೆದರೆ ಸಾಕು, ಗೋಡೆಯ ಕಡೆಗೆ ಮುಖ ತಿರುಗಿಸಿಬಿಡುತ್ತಿದ್ದರು. ಅವ್ವ ಅವರ ಕಣ್ಣು ನೋಡಿಯೇ ನೀರು ಕೊಡುತ್ತಿದ್ದಳು, ಹೊದಿಕೆ ಸರಿಸುತ್ತಿದ್ದಳು. ಮನೆಯಲ್ಲಿ ಎಲ್ಲರೂ ಪಿಸುಗುಟ್ಟುವುದನ್ನು ಕಲಿತೆವು. ಬಂದವರು ಅಪ್ಪನ ಎದುರೇ ಅಪ್ಪನ ಬಗ್ಗೆ ನಮ್ಮನ್ನು ಕೇಳಿ, ಅಪ್ಪನ ಕಡೆ ನೋಡಿ ತಲೆಯಾಡಿಸಿ ಹೋಗುತ್ತಿದ್ದರು.

"ಅವರಿಗೆ ಮಾತಾಡಬೇಕು ಅಂತ ಅನಿಸಬೇಕು, ಅಷ್ಟಾದರೆ ದಾರಿ ಸಿಗುತ್ತದೆ" ಎಂದು ಆ ಹುಡುಗಿ ಹೋಗುವಾಗ ಬಾಗಿಲಲ್ಲಿ ಹೇಳಿದಳು. ನಾವೆಲ್ಲ ತಲೆಯಾಡಿಸಿದೆವು. ಅತ್ತೆ ಮಾತ್ರ ಅದನ್ನು ಕೇಳಿ ಅಲ್ಲೇ ನಿಂತುಬಿಟ್ಟರು.

"ಅನಿಸಬೇಕಂತ, ಕೇಳಿದ್ಯಾ? ಬಾಳೀಹಣ್ಣ ನೋಡಿ ಯಾರಿಗೆ ಮಾತಾಡಬೇಕು ಅನಸ್ತೈತೋ? ಅಂವ ಕೂಸಲ್ಲ, ನನ್ನ ತಮ್ಮ. ಹುಟ್ಟಿದಾಗಿಂದ ನನ್ನ ಜೋಡಿ ಜಗಳಾಡ್ಯಾನ. ಅಂವಗ ಜಗಳ ಬೇಕು."

ಮರುದಿನ ಬೆಳಿಗ್ಗೆ, ಹಿಂದೆ ಫೋನು ಬರುತ್ತಿದ್ದ ಅದೇ ಹೊತ್ತಿಗೆ, ಅತ್ತೆ ಕುರ್ಚಿ ಎಳೆದುಕೊಂಡು ಅಪ್ಪನ ಮಂಚದ ಪಕ್ಕ ಕೂತರು. ಕನ್ನಡಕ ಏರಿಸಿದರು. ಪಾಠ ಶುರುವಾಯಿತು. ಎಂಥ ಪಾಠ! ಒಂದೂ ಸರಿಯಿಲ್ಲ!

"ಟೇಕ್ ಆಫ್ ಅಂದ್ರ ಅರ್ಧ ತಗೊಳ್ಳೂದು. ಹಾಫ್ ಇದ್ದಂಗ ಆಫ್. ಬರಕೋ. ಗೆಟ್ ಅಪ್ ಅಂದ್ರ ಗೇಟಿನ ಮ್ಯಾಲ ಹತ್ತೂದು."

ಅಪ್ಪ ಗೋಡೆಯ ಕಡೆ ತಿರುಗಿದರು. ಅತ್ತೆ ಕುರ್ಚಿ ಎತ್ತಿಕೊಂಡು ಹೋಗಿ ಗೋಡೆಯ ಕಡೆ ಹಾಕಿಕೊಂಡರು.

ನಾನು ಅಡುಗೆಮನೆಯಲ್ಲಿ ತಡೆದು ಕೇಳಿದೆ: "ಅತ್ತಿ, ಇವನ್ನೆಲ್ಲಾ ಬರೋಬ್ಬರಿ ಕಲ್ತಿದ್ದ್ಯಲ್ಲಾ? ಈಗ್ಯಾಕ ಎಲ್ಲಾ ತಪ್ಪು ಹೇಳಾಕತ್ತಿ?"

"ಸರಿ ಹೇಳಿದ್ರ ಅಂವ ಹೂಂ ಅಂತ ಮಲಗ್ತಾನ. ತಪ್ಪು ಹೇಳಿದ್ರ ತಡಕೊಳ್ಳಾಕ ಆಗಂಗಿಲ್ಲ ಅಂವಗ. ಸಣ್ಣಾಂವ ಇದ್ದಾಗಿಂದ ನೋಡೀನಿ. ಅವನ ಹಣಿಮ್ಯಾಲ ಒಂದು ಗೆರಿ ಏಳ್ತೈತಿ, ನೋಡ್ತಿರು."

ವಾರಗಳು ಹೋದವು. ಗೆರೆ ಏಳುತ್ತಿತ್ತು, ಮಾತು ಏಳುತ್ತಿರಲಿಲ್ಲ. ಬಂದ ಬಂಧುಗಳು 'ರೋಗಿಯ ಮುಂದೆ ಇಷ್ಟು ಗದ್ದಲ ಬೇಕಾ?' ಎಂದು ಅವ್ವನ ಹತ್ತಿರ ಗೊಣಗಿದರು. ಅವ್ವನೂ ಒಮ್ಮೆ ಕಣ್ಣೀರು ಹಾಕಿ, "ಅಕ್ಕಾರ, ಸಾಕ್ ಬಿಡ್ರಿ, ಅವರಿಗೆ ತ್ರಾಸ ಆಗತೈತಿ" ಎಂದಳು. ಅತ್ತೆ ಅವ್ವನ ಕೈ ಹಿಡಿದುಕೊಂಡು, ಅವರ ಮಟ್ಟಿಗೆ ಮೆಲ್ಲಗೆ ಎನ್ನಬಹುದಾದ ದನಿಯಲ್ಲಿ ಹೇಳಿದರು: "ತ್ರಾಸ ಆಗ್ಲೆವ್ವಾ. ನನಗೂ ಆಗತೈತಿ. ಆದ್ರ ಅಂವ ಸುಮ್ನಿದ್ರ ನನಗ ನಿದ್ದಿ ಬರಂಗಿಲ್ಲ." ಆಮೇಲೆ ಹಿತ್ತಲಿಗೆ ಹೋಗಿ, ಒಗೆದ ಬಟ್ಟೆಗಳನ್ನೇ ಬಹಳ ಹೊತ್ತು ಮತ್ತೆ ಒಗೆದರು.

ಒಂದು ದಿನ ಬೆಳಿಗ್ಗೆ ಬಿಸಿಲು ಮಂಚದವರೆಗೆ ಬಂದಿತ್ತು. ನಾನು ಅಪ್ಪನ ಗಡ್ಡ ಮಾಡುತ್ತಿದ್ದೆ, ಅರ್ಧ ಮುಖಕ್ಕೆ ಸೋಪು. ಅತ್ತೆ ಎದುರಿಗೆ ಕೂತು ಭರ್ಜರಿ ಹುರುಪಿನಲ್ಲಿದ್ದರು.

"ಇವತ್ತಿಂದು ಲುಕ್ ಆಫ್ಟರ್. ಲುಕ್ ಅಂದ್ರ ನೋಡು. ಆಫ್ಟರ್ ಅಂದ್ರ ಆಮ್ಯಾಲ. ಲುಕ್ ಆಫ್ಟರ್ ಅಂದ್ರ, ಆಮ್ಯಾಲ ನೋಡೂಣು! ಈಗ ನಿನ್ನ ಹೇಂತಿ ನಿನ್ನ ಲುಕ್ ಆಫ್ಟರ್ ಮಾಡ್ತಾಳ. ಅಂದ್ರ, ಈಗ ಪುರಸೊತ್ತಿಲ್ಲ, ಆಮ್ಯಾಲ ನೋಡೂಣು ಅಂತಾಳ…"

ನನ್ನ ಕೈಯಡಿಯಲ್ಲಿ ಅಪ್ಪನ ಗಲ್ಲ ಬಿಗಿಯಾಯಿತು. ನಾನು ರೇಜರ್ ಹಿಂದಕ್ಕೆ ತೆಗೆದುಕೊಂಡೆ. ಹಣೆಯ ಮೇಲೆ ಗೆರೆ ಎದ್ದಿತು. ಕುತ್ತಿಗೆಯ ನರ ಉಬ್ಬಿತು. ಸೋಪಿನ ನೊರೆಯ ನಡುವೆ ತುಟಿ ಸೇರಿದವು, ಬಿಟ್ಟವು, ಮತ್ತೆ ಸೇರಿದವು.

"ಶ… ಶಟ್… ಅಪ್!"

ಅವ್ವ ಬಾಗಿಲಲ್ಲಿ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಸ್ವಚ್ಛವಾದ, ಕಚೇರಿಯ, ತಪ್ಪಿಲ್ಲದ ಇಂಗ್ಲಿಷ್! ಅತ್ತೆ ಬಾಯಿ ತೆರೆದರು. ಮಗ್ಗಗಳನ್ನೇ ಸೋಲಿಸಿದ ಆ ಗಂಟಲಿನಿಂದ ಒಂದು ಸದ್ದೂ ಹೊರಡಲಿಲ್ಲ. ಕನ್ನಡಕ ತೆಗೆದರು. ಸೊಂಟದಿಂದ ಸೆರಗು ಬಿಡಿಸಿಕೊಂಡು ಮುಖ ಮುಚ್ಚಿಕೊಂಡರು. ಹೆಗಲು ಅಲುಗುತ್ತಿದ್ದವು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಆಮೇಲೆ ಕುರ್ಚಿಯಿಂದ ಇಳಿದು ಮಂಚದ ಬಳಿ ನೆಲಕ್ಕೇ ಕೂತು, ಅಪ್ಪನ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಾವು ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ಕೇಳಿದರು:

"ಇನ್ನೊಮ್ಮೆ ಬೈಯೋ, ತಮ್ಮಾ. ಇನ್ನೊಮ್ಮೆ ಬೈ."

ಅಪ್ಪ ಮತ್ತೆ ತುಟಿ ಕೂಡಿಸಲು ನೋಡಿದರು. ಬೈಯುವ ಮಾತು ಬರಲಿಲ್ಲ. ಅವರ ಕಣ್ಣಿನಿಂದ ನೀರು ಇಳಿದು ಸೋಪಿನ ನೊರೆಯಲ್ಲಿ ಸೇರಿತು. ಬಹಳ ಹೊತ್ತು ಹೆಣಗಾಡಿ, ಮಗುವಿನ ಹಾಗೆ ಒಂದೊಂದೇ ಅಕ್ಷರ ಹುಡುಕಿ ತೆಗೆದು, ಅವರು ಅಂದದ್ದು ಬೇರೆಯೇ:

"ಅ… ಕ್ಕಾ."